ನಮ್ಮ ಬರವಣಿಗೆಯ ತರಗತಿ

ಬರವಣಿಗೆಯನ್ನು ಕಲಿಸಲು ಬರುತ್ತದೆಯೋ ಇಲ್ಲವೋ ಎಂಬ ವಾದ ಬಹಳ ಹಳೆಯದು. ಅದು ಹುಟ್ಟಿನಿಂದಲೇ ಬರಬೇಕೆನ್ನುವವರು ಒಂದು ಪಕ್ಷ, ಅಭ್ಯಾಸದಿಂದ ಬರುತ್ತದೆನ್ನುವವರು ಇನ್ನೊಂದು ಪಕ್ಷ. ಈ ಇಬ್ಬರ ನಡುವೆ ನ್ಯಾಯ ಹೇಳುವಷ್ಟು ಓದು ನನ್ನದಲ್ಲ. ಆದರೆ ಎರಡು ವರ್ಷ ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ನಡೆದ ಬರವಣಿಗೆಯ ತರಗತಿಯಲ್ಲಿ ಕುಳಿತು, ಕಲಿಸುವವರ ರೀತಿಯನ್ನೂ ಕಲಿಯುವವರ ಪಾಡನ್ನೂ ಹತ್ತಿರದಿಂದ ನೋಡಿದ್ದೇನೆ. ಮುಂದೆ ಬರುವ ತಮ್ಮ ತಂಗಿಯರಿಗೆ ಉಪಯೋಗವಾದೀತೆಂದು ಅದನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಈ ತರಗತಿ ಪದವಿಯ ಪಠ್ಯಕ್ರಮದಲ್ಲಿ ಸೇರಿದ್ದಲ್ಲ. ಕನ್ನಡ ವಿಭಾಗದವರು ತಾವಾಗಿ ನಡೆಸಿದ ಸರ್ಟಿಫಿಕೇಟ್ ತರಗತಿ. ಅಂಕವಿಲ್ಲ, ಪರೀಕ್ಷೆಯಿಲ್ಲ. ಆದ್ದರಿಂದಲೇ ಮೊದಲ ದಿನ ಬಂದ ಸುಮಾರು 40 ಜನರಲ್ಲಿ ದೀಪಾವಳಿಯ ಹೊತ್ತಿಗೆ ಉಳಿದವರು 17 ಜನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳವರು ನಮ್ಮಲ್ಲಿದ್ದೆವು. (ಕೆಲವೇ ವರ್ಷಗಳ ಹಿಂದೆ ಇವು ಮೂರೇ ತಾಲೂಕುಗಳಾಗಿದ್ದವು, ನಿಪ್ಪಾಣಿ ಚಿಕ್ಕೋಡಿಯಲ್ಲಿಯೂ ಕಾಗವಾಡ ಅಥಣಿಯಲ್ಲಿಯೂ ಅಡಕವಾಗಿದ್ದವು.) ಹೆಚ್ಚಿನವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ನಮಗೆ ಕಲಿಸಿದವರು ಅತಿಥಿ ಉಪನ್ಯಾಸಕಿಯರಾಗಿದ್ದ ಒಬ್ಬ ಮೇಡಮ್. ತಮ್ಮ ಹೆಸರು ಹಾಕಕೂಡದೆಂದು ಅವರೇ ಹೇಳಿದ್ದರಿಂದ ಇಲ್ಲಿಯೂ ಮೇಡಮ್ ಎಂದೇ ಕರೆಯುತ್ತೇನೆ.

ಮೊದಲ ದಿನ ಅವರು 'ನಮ್ಮ ಊರು' ಎಂಬ ವಿಷಯ ಕೊಟ್ಟು ಒಂದು ಪುಟ ಬರೆದು ತರಲು ಹೇಳಿದರು. ಇಷ್ಟು ಸುಲಭದ ವಿಷಯವೇ ಎಂದು ನಾವು ಒಳಗೊಳಗೇ ನಕ್ಕೆವು. ಮುಂದಿನ ಶನಿವಾರ ಅವರು ನಮ್ಮ ಹಾಳೆಗಳನ್ನು ತೆಗೆದುಕೊಂಡು, ಹೆಸರುಗಳನ್ನು ಬಿಟ್ಟು, ಏಳು ಬರಹಗಳನ್ನು ಗಟ್ಟಿಯಾಗಿ ಓದಿದರು. ಓದಿ, "ಯಾವುದು ಯಾರ ಊರು, ಗುರುತ ಹಿಡೀರಿ ನೋಡೋಣು" ಎಂದರು. ಒಬ್ಬರಿಗೂ ಬರಲಿಲ್ಲ. ಏಳೂ ಊರುಗಳು ಪ್ರಕೃತಿ ಸೌಂದರ್ಯದ ನೆಲೆವೀಡಾಗಿದ್ದವು. ಏಳರಲ್ಲಿಯೂ ಹಕ್ಕಿಗಳು ಇಂಚರಗೈಯುತ್ತಿದ್ದವು. ಏಳೂ ಊರುಗಳ ಜನರು ಅನ್ಯೋನ್ಯವಾಗಿ ಬಾಳುತ್ತಿದ್ದರು. ಅಚ್ಚರಿಯ ಮಾತೆಂದರೆ, ನನ್ನ ಊರನ್ನು ನಾನೇ ಗುರುತಿಸಲಿಲ್ಲ! ನಾನು ಅದನ್ನು ಮೊಬೈಲಿನಲ್ಲಿ ಸಿಕ್ಕ ಒಂದು ಮಾದರಿ ಪ್ರಬಂಧದಿಂದ ಇಳಿಸಿಕೊಂಡಿದ್ದೆ. ಅದರಲ್ಲಿ 'ತೆಂಗು ಕಂಗುಗಳ ಸಾಲು' ಎಂದಿತ್ತು.

"ಇದನ್ನ ಬರದಾವರು ಯಾರು?" ಎಂದು ಮೇಡಮ್ ಕೇಳಿದಾಗ ಎದ್ದು ನಿಂತೆ.

"ನಿಮ್ಮ ಊರಾಗ ತೆಂಗಿನ ಗಿಡ ಎಷ್ಟದಾವ ತಂಗಿ?"

"ಎರಡ ಅದಾವ್ರಿ ಮೇಡಮ್. ಹನುಮಪ್ಪನ ಗುಡಿ ಹಿಂದ."

"ಅಡಿಕಿ ಗಿಡ?"

"ಒಂದೂ ಇಲ್ರಿ."

ತರಗತಿಯೆಲ್ಲ ನಕ್ಕಿತು. ಅವರು ನಗಲಿಲ್ಲ. "ಆ ಎರಡ ಗಿಡಾ ಯಾರು ಹಚ್ಚಿದ್ರು, ಅದರ ಕಾಯಿ ಯಾರು ಒಯ್ತಾರ, ಅದನ್ನ ಬರಕೊಂಡ ಬಾ" ಎಂದರು. ನಾನು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ಆ ಗಿಡಗಳ ವಿಷಯಕ್ಕೆ ನಮ್ಮ ಊರಿನಲ್ಲಿ ಎರಡು ಮನೆತನಗಳ ನಡುವೆ ಮಾತು ನಿಂತು ಮೂವತ್ತು ವರ್ಷವಾಗಿದೆಯೆಂಬುದು ಆಗ ತಿಳಿಯಿತು. ಅನ್ಯೋನ್ಯವಾಗಿ ಬಾಳುವ ಜನರ ಊರು ಅದು! ಆ ಜಗಳವನ್ನು ಬರೆದ ಪುಟವೇ ನನ್ನ ಮೊದಲ ಬರಹವೆಂದು ನಾನು ಎಣಿಸುತ್ತೇನೆ.

ಅವರ ಕಲಿಸುವ ಕ್ರಮ ಇಷ್ಟೇ. ವಾರಕ್ಕೆ ಒಂದು ಪುಟ. ಹುಟ್ಟಿದಾಗಿನಿಂದ ಕಣ್ಣಾರೆ ಕಂಡ ಒಂದು ಕೆಲಸವನ್ನು ಕುರಿತು ಬರೆಯಬೇಕು. ಬರೆದದ್ದನ್ನು ಪಕ್ಕದವರಿಗೆ ಕೊಡಬೇಕು. ಅವರು ಅದನ್ನು ಗಟ್ಟಿಯಾಗಿ ಓದಬೇಕು. ಓದುವಾಗ ಎಲ್ಲಿ ತೊಡರುತ್ತಾರೋ ಅಲ್ಲಿ ಬರೆದವರು ಗೆರೆ ಎಳೆದುಕೊಳ್ಳಬೇಕು. ಆಮೇಲೆ ಪ್ರಶ್ನೆಗಳು. ಎಷ್ಟು? ಯಾವಾಗ? ಯಾರು? ಇದನ್ನು ನೀನು ನೋಡಿದ್ದೋ, ಕೇಳಿದ್ದೋ? ಅದೇ ಪುಟವನ್ನು ಮುಂದಿನ ವಾರ ಮತ್ತೆ ಬರೆಯಬೇಕು. ಒಂದೊಂದು ಪುಟಕ್ಕೆ ನಾಲ್ಕು ವಾರ ಹಿಡಿದದ್ದೂ ಉಂಟು. ಕೆಂಪು ಮಸಿಯಿಂದ ಅವರು ತಿದ್ದುತ್ತಿದ್ದುದು ಕಡಿಮೆ; ಹೆಚ್ಚಾಗಿ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುತ್ತಿದ್ದರು. ಆ ಚಿಹ್ನೆ ಏಕೆ ಬಿತ್ತೆಂದು ನಾವೇ ಹುಡುಕಬೇಕಾಗಿತ್ತು.

ನಿಪ್ಪಾಣಿ ತಾಲೂಕಿನ ಗೆಳತಿಯೊಬ್ಬಳು ತನ್ನ ಅವ್ವ ಬೀಡಿ ಕಟ್ಟುವುದನ್ನು ಕುರಿತು ಬರೆದಳು. ನಿಪ್ಪಾಣಿಯ ತಂಬಾಕು ಹೆಸರುವಾಸಿಯಾದದ್ದು. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯ ಮೇಲೆ ಕುಳಿತು ನಡೆಸಿದ ಚಳವಳಿಯ ಮಾತು ಆ ಭಾಗದ ಮನೆಗಳಲ್ಲಿ ಈಗಲೂ ಬರುತ್ತದೆ. ಅವಳ ಮೊದಲ ಕರಡಿನಲ್ಲಿ 'ಬಡತನದ ಬೇಗೆಯಲ್ಲಿ ಬೆಂದ ತಾಯಿ', 'ಕಣ್ಣೀರಿನ ಕಡಲು' ಮುಂತಾದ ಮಾತುಗಳಿದ್ದವು. ಮೇಡಮ್ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮವ್ವ ಕಟ್ಟಿದ ಬೀಡಿಯೊಳಗ ದಿನಾ ಎಷ್ಟು ತಗದ ಒಗೀತಾರ?" ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಕೇಳಿದಳು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದನ್ನು ಕೇಳಿದವಳು ನೀನೇ ಮೊದಲು ಎಂದು ಅವ್ವ ಹೇಳಿದಳಂತೆ. ಎರಡನೆಯ ಕರಡಿನಲ್ಲಿ ಕಣ್ಣೀರಿನ ಕಡಲು ಇರಲಿಲ್ಲ. ರಾತ್ರಿ ನೀರಿನಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ ಇತ್ತು. ಎಲೆಯ ಮೇಲೆ ತಗಡಿನ ತುಂಡನ್ನಿಟ್ಟು ಕತ್ತರಿಯಿಂದ ಅಳತೆಗೆ ಕತ್ತರಿಸುವುದಿತ್ತು. ಚಿಟಿಕೆ ತಂಬಾಕು ಹಾಕಿ ಸುರುಳಿ ಸುತ್ತಿ, ದಾರ ಕಟ್ಟಿ, ತುದಿಯನ್ನು ಉಗುರಿನಿಂದ ಮಡಿಚುವುದಿತ್ತು. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ, ಸಾವಿರಕ್ಕೆ ಇಷ್ಟೆಂದು ಕೂಲಿ. ಆರಿಸುವವನು ತೆಗೆದು ಒಗೆದದ್ದು ಲೆಕ್ಕಕ್ಕೆ ಬಾರದು. ಆ ಕೊರತೆಯನ್ನು ತುಂಬಲು ಅವ್ವ ಊಟವಾದ ಮೇಲೆ ಮತ್ತೆ ಮೊರ ಎದುರಿಗಿಟ್ಟುಕೊಂಡು ಕುಳಿತುಕೊಳ್ಳುತ್ತಾಳೆ. ಆಗ ಲೈಟು ಆರಿಸುವಂತಿಲ್ಲ, ಆದುದರಿಂದ ನಾನೂ ಅಷ್ಟು ಹೊತ್ತು ಓದುತ್ತೇನೆ ಎಂದು ಅವಳ ಪುಟ ಮುಗಿದಿತ್ತು. ಅದನ್ನು ಓದಿದ ಹುಡುಗ ನಡುವೆ ಎಲ್ಲಿಯೂ ತೊಡರಲಿಲ್ಲ. ತರಗತಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮ ಗಡಿಭಾಗದ ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕುಂಟು. ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ ಮರಾಠಿ ಬೆರೆತಿದೆ. ಹಲವರ ಮನೆಮಾತೇ ಮರಾಠಿ. ಬೆಂಗಳೂರು ಮೈಸೂರಿನ ಪುಸ್ತಕದ ಕನ್ನಡದ ಎದುರಿಗೆ ನಮ್ಮ ಮಾತು ನಮಗೇ ನಾಚಿಕೆ ತರುತ್ತದೆ. ಆದ್ದರಿಂದ ಬರೆಯಲು ಕುಳಿತ ಕೂಡಲೇ ನಾವು ನಮ್ಮದಲ್ಲದ ಮಾತನ್ನು ಹುಡುಕುತ್ತೇವೆ. ನೆಲೆವೀಡು, ಇಂಚರ ಇವೆಲ್ಲ ಬರುವುದು ಅಲ್ಲಿಂದ. ಕಾಗವಾಡದ ಕಡೆಯ ಗೆಳೆಯನೊಬ್ಬ ಕಬ್ಬಿನ ಬಗ್ಗೆ ಬರೆಯುತ್ತ, ಒಮ್ಮೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರಿ ಬರುವ ಬೆಳೆಗೆ 'ಖೋಡವಾ' ಎಂದು ಬರೆದು, ಮರಾಠಿಯಾಯಿತೆಂದು ಹೊಡೆದು ಹಾಕಿ, 'ದ್ವಿತೀಯ ಫಸಲು' ಎಂದು ತಿದ್ದಿದ್ದ. ಕನ್ನಡದಲ್ಲಿ ಅದಕ್ಕೆ ಕೂಳೆ ಎಂಬ ಒಳ್ಳೆಯ ಮಾತುಂಟು. ಆದರೆ ಅವನ ಅಪ್ಪನಾಗಲಿ, ಗದ್ದೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರಾಗಲಿ ಆ ಮಾತನ್ನು ಆಡುವುದಿಲ್ಲ. ಈ ಒಂದು ಶಬ್ದದ ಮೇಲೆ ನಮ್ಮ ತರಗತಿಯಲ್ಲಿ ಒಂದು ತಾಸು ಚರ್ಚೆ ನಡೆಯಿತು. ಅಪ್ಪ ಮಾತಾಡುವಲ್ಲಿ ಖೋಡವಾ ಇರಲಿ, ನೀನು ವಿವರಿಸುವಲ್ಲಿ ಕೂಳೆ ಎನ್ನು, ದ್ವಿತೀಯ ಫಸಲು ಮಾತ್ರ ಯಾರ ಬಾಯಿಯದೂ ಅಲ್ಲ ಎಂದು ಮೇಡಮ್ ತೀರ್ಪು ಕೊಟ್ಟರು. ದೂರದ ವಾಚಕನಿಗೆ ಶಬ್ದ ತಿಳಿಯದಿದ್ದರೆ ಅಡಿಟಿಪ್ಪಣಿ ಬೇಡ, ಅದೇ ವಾಕ್ಯದಲ್ಲಿ ಆ ವಸ್ತುವನ್ನು ಕಾಣಿಸಬೇಕೆಂಬುದು ಅವರ ಆಗ್ರಹ. ಇದು ಹೇಳುವುದಕ್ಕಿಂತ ಮಾಡುವುದು ಕಷ್ಟ.

ಆ ವಾರವೇ ಅವರು ಗ್ರಂಥಾಲಯದಿಂದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ಕಾದಂಬರಿಯನ್ನು ತಂದರು. ಅಣ್ಣಾರಾಯರು (1918-1975) ನಮ್ಮ ಕಾಗವಾಡ ತಾಲೂಕಿನ ಶೇಡಬಾಳದವರು, ವೃತ್ತಿಯಿಂದ ಶಿಕ್ಷಕರು. 'ನಿಸರ್ಗ' ಪ್ರಕಟವಾದದ್ದು 1945ರಲ್ಲಿ; ಇದೇ ಸೀಮೆಯ ಒಕ್ಕಲುತನದ ಬಾಳು ಅದರಲ್ಲಿದೆ. ರೇಲ್ವೆಯಲ್ಲಿ ಹೋಗುವಾಗ ಶೇಡಬಾಳ ಸ್ಟೇಶನ್ನಿನ ಹಲಗೆಯನ್ನು ಎಷ್ಟು ಸಲ ನೋಡಿದ್ದೆನೋ! ಆ ಊರಿನವರೊಬ್ಬರು ನಮ್ಮಂಥವರ ಮಾತನ್ನು ಅಚ್ಚು ಹಾಕಿಸಿ ದೊಡ್ಡ ಕಾದಂಬರಿಕಾರರೆನಿಸಿದರೆಂಬುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ನನ್ನ ಗೆಳೆಯ ಆ ಪುಸ್ತಕವನ್ನು ಒಂದು ತಿಂಗಳು ಹಿಂದಿರುಗಿಸಲಿಲ್ಲ, ದಂಡ ಕಟ್ಟಿದ.

ಈ ಸಂದರ್ಭದಲ್ಲಿ, ಕನ್ನಡದಲ್ಲಿ ಬರೆಯುವುದನ್ನು ವಿದ್ಯಾರ್ಥಿಗಳು ಯಾರಿಂದ ಹೇಗೆ ಕಲಿತರೆಂಬುದನ್ನು ಸ್ವಲ್ಪ ಹಿಂದೆ ಹೋಗಿ ನೋಡಿದರೆ ತಪ್ಪಾಗಲಾರದು. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ಆ ಕವಿತೆಗಳ ಒಂದು ಕಿರುಹೊತ್ತಗೆಯೂ ಹೊರಬಂದಿತ್ತು. ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರು ಮೈಸೂರಿಗೆ ಬಂದಾಗ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂಬ ಅರ್ಥದ ಪ್ರಶ್ನೆ ಕಸಿನ್ಸರಿಂದ ಬಂತು. ಹೊಗಳಿಕೆಯನ್ನು ಬಯಸಿ ಹೋದ ತರುಣನಿಗೆ ಆಗ ಅದು ರುಚಿಸಲಿಲ್ಲ. ಆದರೆ ಮುಂದೆ ಕನ್ನಡದಲ್ಲಿ ಆದದ್ದನ್ನು ಎಲ್ಲರೂ ಬಲ್ಲರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, 'ಪ್ರಬುದ್ಧ ಕರ್ನಾಟಕ'ವನ್ನು ಹೊರಡಿಸಿ, ಇಂಗ್ಲಿಷಿನಲ್ಲಿ ಓದುತ್ತಿದ್ದ ಹುಡುಗರಿಗೆ ಕನ್ನಡದಲ್ಲಿ ಬರೆಯುವ ಹಾದಿ ಮಾಡಿಕೊಟ್ಟರು. ಅದೇ ಕಾಲೇಜಿನಲ್ಲಿ ಜಿ.ಪಿ. ರಾಜರತ್ನಂ ಅವರು ವಿದ್ಯಾರ್ಥಿಗಳ ಬೆನ್ನು ಹತ್ತಿ ಬರೆಯಿಸಿದರು. ನಮ್ಮ ಭಾಗಕ್ಕೆ ಇವೆಲ್ಲ ದೂರದ ಮಾತು. 1956ರ ವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದವರು. ಆದರೆ ಕಾಗವಾಡದಿಂದ ಮಿರಜ ದಾಟಿದರೆ ಸಾಂಗಲಿ. ಅಲ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಹಲವು ವರ್ಷ ಕನ್ನಡ ಕಲಿಸಿದರು. ಮರಾಠಿ ಊರಿನಲ್ಲಿ ಕುಳಿತು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದು, 1956ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆದರು. ಮೇಡಮ್ ಇದನ್ನು ಹೇಳಿದಾಗ, ಎರಡು ಭಾಷೆಗಳ ನಡುವೆ ಇರುವುದು ಕೊರತೆಯೆಂದು ತಿಳಿದಿದ್ದ ನಮಗೆ ಸ್ವಲ್ಪ ಧೈರ್ಯ ಬಂದದ್ದು ನಿಜ.

ಎಲ್ಲರೂ ಸಂತುಷ್ಟರಾಗಿದ್ದರೆಂದು ನಾನು ಹೇಳಲಾರೆ. ಬಿಟ್ಟು ಹೋದವರಲ್ಲಿ ಜಾಣರೂ ಇದ್ದರು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವವರಿಗೆ ನಾಲ್ಕು ವಾರ ಒಂದೇ ಪುಟ ತಿದ್ದುತ್ತ ಕುಳಿತರೆ ಆಗುವುದಿಲ್ಲ ಎಂದು ಅಥಣಿಯ ಗೆಳೆಯನೊಬ್ಬ ನೇರವಾಗಿಯೇ ಹೇಳಿ ಹೋದ. ಅವನ ಮನೆಯ ಸ್ಥಿತಿ ಬಲ್ಲ ನಾನು ಅವನನ್ನು ತಪ್ಪೆನ್ನಲಾರೆ. ನನ್ನದೂ ಒಂದು ದೂರಿದೆ. ಮೇಡಮ್ ವಿಶೇಷಣಗಳ ಮೇಲೆ ವಿನಾಕಾರಣ ಕಠೋರರು. ನಮ್ಮ ಹಳೆಯ ಕಾವ್ಯಗಳ ವರ್ಣನೆಗಳನ್ನು ಓದುವಾಗ ನನಗಾಗುವ ಸಂತೋಷ ಸುಳ್ಳೇ? ಈ ಮಾತನ್ನು ಒಮ್ಮೆ ಎತ್ತಿದೆ. ಆ ಕವಿಗಳು ತಾವು ಕಂಡ ಆನೆಯನ್ನು ವರ್ಣಿಸಿದರು, ನೀನು ಕಾಣದ ಅಡಿಕೆ ಗಿಡವನ್ನು ವರ್ಣಿಸಿದೆ ಎಂದರು. ಉತ್ತರ ಚೆನ್ನಾಗಿತ್ತು, ಆದರೂ ನನ್ನ ಸಮಾಧಾನವಾಗಿಲ್ಲ.

ಇನ್ನು ಅರ್ಜಿಯ ಪಾಠ. ಸಾಹಿತ್ಯದ ತರಗತಿಯಲ್ಲಿ ಅರ್ಜಿಗೆ ಏನು ಕೆಲಸವೆಂದು ಕೆಲವರಿಗೆ ಅನ್ನಿಸಿತ್ತು. ಮನೆಯಲ್ಲಿರುವ ಹಳೆಯ ಅರ್ಜಿಯ ಒಂದು ನಕಲನ್ನು ತರಲು ಮೇಡಮ್ ಹೇಳಿದರು. ನಾನು ತಂದದ್ದು 2019ರದು. ಆ ವರ್ಷ ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಬಂದ ಮಹಾಪೂರ ಈ ತಾಲೂಕುಗಳ ನದಿದಂಡೆಯ ಊರುಗಳನ್ನು ಮುಳುಗಿಸಿದ್ದನ್ನು ಯಾರೂ ಮರೆತಿಲ್ಲ. ನಾನಾಗ ಒಂಬತ್ತನೆಯ ಇಯತ್ತೆಯಲ್ಲಿದ್ದೆ. ನಮ್ಮ ಮನೆಯ ಒಳಗಿನ ಎರಡು ಮಣ್ಣಿನ ಗೋಡೆಗಳು ಬಿದ್ದವು. ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದರು. ಪೂರ್ತಿ ಹಾಳಾದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವಿತ್ತು. ನಮ್ಮದು ಸಿ ವರ್ಗಕ್ಕೆ ಬಿತ್ತು. ಅಪ್ಪ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ಅರ್ಜಿ ಬರೆಯುವವರೊಬ್ಬರಿಗೆ ದುಡ್ಡು ಕೊಟ್ಟು ಬರೆಯಿಸಿ ಒಯ್ದರು. ಏನೂ ಆಗಲಿಲ್ಲ.

ಆ ಅರ್ಜಿಯನ್ನು ತರಗತಿಯಲ್ಲಿ ಓದಿದೆವು. 'ನಮ್ಮ ಮನೆಯು ಪ್ರವಾಹದ ಅಬ್ಬರಕ್ಕೆ ಸಿಲುಕಿ ಅಪಾರ ನಷ್ಟಕ್ಕೆ ಗುರಿಯಾಗಿದ್ದು, ದಯಾಳುಗಳಾದ ತಾವು ಕಡುಬಡವರಾದ ನಮ್ಮ ಮೇಲೆ ಕೃಪಾದೃಷ್ಟಿ ಬೀರಿ' ಎಂದು ಒಂದೂವರೆ ಪುಟವಿತ್ತು. ಎಷ್ಟು ಗೋಡೆ ಬಿದ್ದವೆಂದು ಇರಲಿಲ್ಲ. ಯಾವ ದಿನ ನೀರು ಬಂತು, ಎಷ್ಟು ದಿನ ನಿಂತಿತು ಎಂದಿರಲಿಲ್ಲ. ಮನೆಯ ನಂಬರೂ ಇರಲಿಲ್ಲ. ನನ್ನ ಊರಿನ ಪ್ರಬಂಧಕ್ಕೂ ಇದಕ್ಕೂ ಭೇದವೇ ಇಲ್ಲವೆಂದು ನನಗೆ ಹೊಳೆದು ಗಂಟಲು ಕಟ್ಟಿತು. ನಾವು 17 ಜನ ಸೇರಿ ಅದನ್ನು ಹೊಸದಾಗಿ ಬರೆದೆವು. ಒಂಬತ್ತು ಸಾಲಿನಲ್ಲಿ ಮುಗಿಯಿತು. ಹೊರಗಿನ ಗೋಡೆ ಹಾಗೂ ಮೇಲಿನ ಪತ್ರಾಸು ನಿಂತಿರುವುದರಿಂದ ಪರಿಶೀಲನೆಗೆ ಬಂದವರು ಹೊರಗಿನಿಂದ ನೋಡಿ ಹೋಗಿದ್ದಾರೆ, ಒಳಗೆ ಬಂದು ನೋಡಬೇಕು ಎಂಬುದು ಅದರ ಮುಖ್ಯ ಮಾತು. ಈ ಅರ್ಜಿಯಿಂದ ಈಗ ಪ್ರಯೋಜನವಿಲ್ಲ; ಕಾಲ ಮೀರಿದೆ. ಆಗ ಹೀಗೆ ಬರೆದಿದ್ದರೂ ಕೆಲಸವಾಗುತ್ತಿತ್ತೆಂದು ಹೇಳಲು ಬರುವುದಿಲ್ಲ. ಆದರೆ ಅಪ್ಪನಿಗೆ ಓದಿ ತೋರಿಸಿದಾಗ ಅವರು, "ಇದ ನೋಡವಾ ನಾ ಅವಗ ಹೇಳಿದ್ದು" ಎಂದರು. ದುಡ್ಡು ಕೊಟ್ಟು ಕುಳಿತು ಅವರು ಇದನ್ನೇ ಹೇಳಿದ್ದರಂತೆ. ಬರೆದವರು ಅದನ್ನು ಅರ್ಜಿಗೆ ತಕ್ಕ ಮಾತಲ್ಲವೆಂದು ಬಿಟ್ಟಿದ್ದರು.

ಈ ವರ್ಷ ಅಜ್ಜಿಯ ಪಿಂಚಣಿ ನಿಂತಿತು. ರೇಶನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಅವ್ವ ಎಂದು ಮುಗಿಯುವ ಹೆಸರು ಒಂದು ಕಡೆ, ಬಾಯಿ ಎಂದು ಮುಗಿಯುವುದು ಇನ್ನೊಂದು ಕಡೆ. ನಮ್ಮ ಗಡಿಯಲ್ಲಿ ಇದು ಮನೆಮನೆಯ ಕಥೆ. ಎರಡೂ ಹೆಸರು ಒಬ್ಬರದೇ, ಯಾವ ಕಾಗದದಲ್ಲಿ ಯಾವುದಿದೆ, ಯಾವ ತಿಂಗಳಿನಿಂದ ಹಣ ಬಂದಿಲ್ಲ, ಏನಾಗಬೇಕು ಎಂದು ನಾನು ಅರ್ಧ ಪುಟ ಬರೆದೆ. ಕೃಪಾದೃಷ್ಟಿಯನ್ನು ಕೇಳಲಿಲ್ಲ. ಅರ್ಜಿ ತೆಗೆದುಕೊಂಡವರು ನಿಂತಲ್ಲಿಯೇ ಓದಿ, ಇದನ್ನು ಯಾರು ಬರೆದರೆಂದು ಕೇಳಿದರು. "ನಮ್ಮ ಹುಡುಗಿ ಬರದಾಳ್ರಿ" ಎಂದು ಅಪ್ಪ ಹೇಳಿದರು. ಕೆಲಸ ಒಮ್ಮೆಗೇ ಆಗಲಿಲ್ಲ. ಮೂರು ಸಲ ಎಡತಾಕಬೇಕಾಯಿತು. ಈಗ ಹಣ ಬರುತ್ತಿದೆ. ಆಮೇಲೆ ನಮ್ಮ ಓಣಿಯ ಇಬ್ಬರು ಅಜ್ಜಿಯರು ತಮ್ಮ ಕಾಗದದ ಚೀಲ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಒಬ್ಬರು ಅಪ್ಪ ಮಾತು ಬಿಟ್ಟ ಮನೆಯವರು, ಆ ತೆಂಗಿನ ಗಿಡದವರು. ಅವರದನ್ನೂ ಬರೆದುಕೊಟ್ಟೆ.

ಅತಿಥಿ ಉಪನ್ಯಾಸಕರ ನೇಮಕ ವರ್ಷವರ್ಷಕ್ಕೂ ಹೊಸದಾಗಿ ಆಗುತ್ತದೆ. ಈ ವರ್ಷ ಮೇಡಮ್‌ಗೆ ಬೇರೆ ಊರು ಬಂತು. ಶನಿವಾರದ ತರಗತಿ ವೇಳಾಪತ್ರಿಕೆಯಲ್ಲಿ ಇಲ್ಲ. ಉಳಿದ ನಾವು ಒಂಬತ್ತು ಜನ ಈಗಲೂ ಗ್ರಂಥಾಲಯದ ಹಿಂದಿನ ಬೇವಿನ ಗಿಡದ ಕೆಳಗೆ ಕೂಡುತ್ತೇವೆ, ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಓದುತ್ತೇವೆ. ಪ್ರಶ್ನೆ ಕೇಳುವುದರಲ್ಲಿ ಬೀಡಿಯ ಪುಟ ಬರೆದ ಗೆಳತಿ ಮೇಡಮ್ ಅವರಿಗಿಂತಲೂ ಕಠೋರಳಾಗಿದ್ದಾಳೆ.

ಈ ಲೇಖನದ ಕರಡನ್ನು ಫೋಟೋ ತೆಗೆದು ಮೇಡಮ್‌ಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಎರಡು ದಿನದ ಮೇಲೆ ಅದೇ ಹಾಳೆ ತಿರುಗಿ ಬಂತು. ಮೂರು ಕಡೆ ಅಂಚಿನಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಎರಡನ್ನು ತಿದ್ದಿದ್ದೇನೆ. ಮೂರನೆಯದು, ಅವರು ವಿಶೇಷಣಗಳ ಮೇಲೆ ವಿನಾಕಾರಣ ಕಠೋರರು ಎಂದು ನಾನು ಬರೆದ ಸಾಲಿನ ಎದುರಿಗಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದೇನೆ.